ಇಲ್ಲಿ ಅಂದರೆ ಎಲ್ಲಿ?

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದೆ. ಗೋಡೆಗೆ ಕರ್ನಾಟಕದ ನಕ್ಷೆ ತೂಗುಹಾಕಿ, ಕೈಯಲ್ಲಿ ಕೋಲು ಹಿಡಿದು, “ನೋಡಿ ಮಕ್ಕಳೇ, ಕಾವೇರಿ ಇಲ್ಲಿ ಹುಟ್ಟಿ, ಹೀಗೆ ಹರಿದು, ಇಲ್ಲಿ ನಮ್ಮ ರಾಜ್ಯ ದಾಟುತ್ತಾಳೆ” ಎಂದೆ. ಮೊದಲ ಬೆಂಚಿನ ತುದಿಯಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಇಲ್ಲಿ ಅಂದ್ರೆ ಎಲ್ಲಿ ಮಿಸ್?” ಎಂದು ಕೇಳಿದಳು. ತರಗತಿ ಗೊಳ್ಳೆಂದು ನಕ್ಕಿತು. ನಾನು ಮಾತ್ರ ನಾಲಿಗೆ ಕಚ್ಚಿಕೊಂಡೆ. ಆ ಹುಡುಗಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೋಲು ತೋರಿಸಿ ಪಾಠ ಮಾಡಿದ್ದೆ.

ಅಂದಿನಿಂದ ನನ್ನ ಪಾಠದ ರೀತಿ ಬದಲಾಯಿತು. “ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ, ಪೂರ್ವದ ಕಡೆಗೆ ಹರಿದು, ಶ್ರೀರಂಗಪಟ್ಟಣವನ್ನು ಎರಡು ಕವಲಾಗಿ ಬಳಸಿ, ಮುಂದೆ ತಮಿಳುನಾಡಿಗೆ ಹೋಗುತ್ತಾಳೆ” ಎಂದು ಬಾಯಿ ಬಿಟ್ಟು ಹೇಳತೊಡಗಿದೆ. ಆಶ್ಚರ್ಯವೆಂದರೆ, ಕಣ್ಣಿದ್ದ ಮಕ್ಕಳ ತಲೆಗೂ ಪಾಠ ಹತ್ತಿದ್ದು ಆಮೇಲೆಯೇ. ಅಲ್ಲಿಯವರೆಗೆ ಅವರು ನಕ್ಷೆಯ ಮೇಲೆ ತೆಳುಕಾಗದ ಇಟ್ಟು ಗೆರೆ ಎಳೆದು ತರುತ್ತಿದ್ದರು. ಗೆರೆ ಒಂದು ಕೂದಲೂ ತಪ್ಪುತ್ತಿರಲಿಲ್ಲ. ಆದರೆ ಅಷ್ಟು ಚೆಂದದ ನಕ್ಷೆ ತಂದ ಹುಡುಗನನ್ನೇ ನಿಲ್ಲಿಸಿ, “ಕಾವೇರಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಾಳಪ್ಪ?” ಎಂದರೆ ಕಂಬದ ಹಾಗೆ ನಿಲ್ಲುತ್ತಿದ್ದ. ಗೆರೆಗೆ ಹುಟ್ಟೂ ಇಲ್ಲ, ಹರಿವೂ ಇಲ್ಲ. ಅದನ್ನು ತಿಳಿದವರು ಹೇಳಬೇಕು, ತಿಳಿಯದವರು ಕೇಳಬೇಕು.

ಈ ಹಳೆಯ ಕಥೆ ಈಗೇಕೆ ಎನ್ನುತ್ತೀರಿ. ಹೋದ ವರ್ಷ ನಮ್ಮ ಶಾಲೆಗೆ ಐವತ್ತು ತುಂಬಿತು. ಹಳೆಯ ವಿದ್ಯಾರ್ಥಿಗಳನ್ನೆಲ್ಲ ಸೇರಿಸಬೇಕು, ಅದಕ್ಕೊಂದು ವೆಬ್‌ಸೈಟ್ ಬೇಕು, ಅದರಲ್ಲಿ ಹೆಸರು ನೋಂದಾಯಿಸುವ ಅರ್ಜಿ ಇರಬೇಕು ಎಂದು ಸಮಿತಿಯಲ್ಲಿ ತೀರ್ಮಾನವಾಯಿತು. ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಇದೇ ಕಸುಬಿನಲ್ಲಿದ್ದಾನೆ. “ದೊಡ್ಡಮ್ಮ, ಅದಕ್ಕೇನಂತೆ, ಶನಿವಾರ ಬಂದು ಮಾಡಿಕೊಟ್ಟುಹೋಗ್ತೀನಿ” ಎಂದ. ಬಂದ. ಸಿಬ್ಬಂದಿ ಕೊಠಡಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬೆಳಕು ಬಿಟ್ಟ. ಅವನ ಗೆಳೆಯನೊಬ್ಬ ಫಿಗ್ಮಾ ಎಂಬ ತಂತ್ರಾಂಶದಲ್ಲಿ ನಮ್ಮ ಶಾಲೆಯ ಪುಟದ ಚಿತ್ರವನ್ನು ಮೊದಲೇ ಬಿಡಿಸಿ ಕೊಟ್ಟಿದ್ದನಂತೆ. ಮೇಲೆ ಶಾಲೆಯ ಕಟ್ಟಡ, ನಡುವೆ ಶುಭಾಶಯ, ಕೆಳಗೆ ಅರ್ಜಿ, ಅದರ ಬುಡದಲ್ಲಿ ಹಸಿರು ಬಣ್ಣದ ಗುಂಡಿ. “ಈಗ ನೋಡಿ. ಕೋಡ್ ಬರೆಯೋ ಕಾಲ ಮುಗೀತು. ಚಿತ್ರ ಕೊಟ್ರೆ ಪುಟ ತಾನೇ ಬರುತ್ತೆ” ಎಂದು ಇನ್ನೊಂದು ತಂತ್ರಾಂಶಕ್ಕೆ ಆ ಚಿತ್ರವನ್ನು ಒಪ್ಪಿಸಿದ. ನಮ್ಮ ಮುಖ್ಯೋಪಾಧ್ಯಾಯರ ಕಾಫಿ ಆರುವುದರೊಳಗೆ ಪುಟ ಸಿದ್ಧವಾಗಿತ್ತು. ಚಿತ್ರಕ್ಕೂ ಪುಟಕ್ಕೂ ಸಾಸಿವೆಯಷ್ಟು ವ್ಯತ್ಯಾಸವಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಆ ಸಂಜೆಯೇ ಪುಟದ ವಿಳಾಸವನ್ನು ನನ್ನ ಹಳೆಯ ಮಕ್ಕಳಿಗೆಲ್ಲ ಕಳಿಸಿದೆ. ಕಾವೇರಿಯನ್ನು ಕೇಳಿದ ಆ ಹುಡುಗಿಗೂ ಕಳಿಸಿದೆ. ಅವಳೀಗ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಓದುಗ ತಂತ್ರಾಂಶ ಇಟ್ಟುಕೊಂಡಿದ್ದಾಳೆ. ತೆರೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು 2006ರಲ್ಲಿ ಶುರುಮಾಡಿ ಜಗತ್ತಿಗೆಲ್ಲ ಪುಕ್ಕಟೆಯಾಗಿ ಕೊಟ್ಟ ತಂತ್ರಾಂಶ ಅದು. ರಾತ್ರಿ ಎಂಟು ಗಂಟೆಗೆ ಅವಳ ಫೋನು ಬಂತು.

“ಮಿಸ್, ಪುಟ ತೆರೆದೆ. ‘ಎಡಿಟ್ ಬ್ಲ್ಯಾಂಕ್, ಎಡಿಟ್ ಬ್ಲ್ಯಾಂಕ್’ ಅಂತ ಆರು ಸಲ ಹೇಳ್ತು. ಯಾವುದರಲ್ಲಿ ಹೆಸರು ಬರೀಬೇಕು, ಯಾವುದರಲ್ಲಿ ಇಸವಿ ಬರೀಬೇಕು ಗೊತ್ತಾಗ್ಲಿಲ್ಲ. ಅಂದಾಜಿನ ಮೇಲೆ ತುಂಬಿದೆ. ಕಳಿಸೋ ಬಟನ್ ಸಿಗಲೇ ಇಲ್ಲ. ಟ್ಯಾಬ್ ಒತ್ತಿದ್ರೆ ಅದನ್ನ ಹಾರಿಸಿಕೊಂಡು ಕೆಳಗೆ ಹೋಗುತ್ತೆ. ಕನ್ನಡ ಓದೋಕೆ ಹೋಗಿ ಇಂಗ್ಲಿಷ್ ದನಿಯಲ್ಲಿ ಏನೇನೋ ಗೊಣಗುತ್ತೆ.” ಸ್ವಲ್ಪ ತಡೆದು, “ಪರವಾಗಿಲ್ಲ ಮಿಸ್, ನಮ್ಮನೆಯವರು ಬಂದ ಮೇಲೆ ಅವರ ಹತ್ರ ತುಂಬಿಸ್ತೀನಿ” ಎಂದಳು.

ಆ ‘ಪರವಾಗಿಲ್ಲ’ ನನಗೆ ಚುಚ್ಚಿತು. ಊರವರ ಲೆಕ್ಕವನ್ನೆಲ್ಲ ನೋಡುವ ಹೆಣ್ಣುಮಗಳು, ತಾನು ಓದಿದ ಶಾಲೆಯ ಪುಟದಲ್ಲಿ ತನ್ನ ಹೆಸರು ಬರೆಯುವುದಕ್ಕೆ ಗಂಡ ಮನೆಗೆ ಬರುವುದನ್ನು ಕಾಯಬೇಕು. ಹೆಂಗಸರಾದ ನಮಗೆ ಈ ಕಾಯುವಿಕೆಯ ರುಚಿ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬ್ಯಾಂಕಿನ ಚಲನ್ ತುಂಬಲು ಅಪ್ಪ, ಅರ್ಜಿ ತುಂಬಲು ಅಣ್ಣ, ಮೊಬೈಲಿನಲ್ಲಿ ಹಣ ಕಳಿಸಲು ಮಗ ಎಂದು ಕಾದು ಕಾದು, ಈಗೀಗ ತಾನೆ ನಮ್ಮ ಕೈ ನಮ್ಮದಾಗುತ್ತಿದೆ. ಅದೇ ಹೊತ್ತಿಗೆ ಇನ್ನೊಬ್ಬಳನ್ನು ನಾವೇ ಕಾಯಲು ಕೂರಿಸಿದೆವಲ್ಲ!

ತಂಗಿಯ ಮಗನನ್ನು ಕರೆದು ಕೇಳಿದೆ. “ದೊಡ್ಡಮ್ಮ, ಚಿತ್ರದಲ್ಲಿ ಇರೋದೆಲ್ಲ ಪುಟದಲ್ಲಿ ಇದೆಯಲ್ಲ?” ಎಂದ. ಒಳಗಿನ ಬರಹ ತೋರಿಸು ಎಂದೆ. ತೋರಿಸಿದ. ನನಗೆ ಆ ವಿದ್ಯೆ ಬಾರದು. ಆದರೆ ಬಿ.ಎಡ್. ಮಾಡಿದವಳಿಗೆ ಇನ್ನೇನಲ್ಲದಿದ್ದರೂ ಉತ್ತರಪತ್ರಿಕೆಯಲ್ಲಿ ಸರಕಿದೆಯೋ ಬರೀ ಗಾಳಿಯೋ ಎಂದು ನೋಡಿದರೆ ತಿಳಿಯುತ್ತದೆ. ಸಾಲು ಸಾಲು ‘ಡಿವ್’, ‘ಡಿವ್’, ‘ಡಿವ್’. ಡಿವ್ ಎಂದರೆ ಹೆಸರಿಲ್ಲದ ಡಬ್ಬಿ ಎಂದು ಅವನೇ ಹೇಳಿದ. ಒಂದರ ಹೆಸರು ‘ಫ್ರೇಮ್ 12’, ಇನ್ನೊಂದರದು ‘ರೆಕ್ಟ್ಯಾಂಗಲ್ 47’. ಆ ಹಸಿರು ಗುಂಡಿಯೂ ಒಂದು ಡಬ್ಬಿಯೇ. ಅದು ಗುಂಡಿಯೆಂದು ಕಣ್ಣಿಗೆ ಬಿಟ್ಟರೆ ಇನ್ನಾರಿಗೂ ಹೇಳಿರಲಿಲ್ಲ. ಅಡಿಗೆಮನೆಯಲ್ಲಿ ಇಪ್ಪತ್ತು ಡಬ್ಬಿಗಳನ್ನು ಒಂದೇ ಅಳತೆಯಲ್ಲಿ ಚೆಂದವಾಗಿ ಜೋಡಿಸಿ, ಒಂದಕ್ಕೂ ಚೀಟಿ ಅಂಟಿಸದೆ, ‘ನೋಡಿದರೆ ಗೊತ್ತಾಗುವುದಿಲ್ಲವೆ?’ ಎಂದು ಕೇಳಿದ ಹಾಗಾಯಿತು.

ಓದುವ ಗೆಳತಿಯರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ವೆಬ್ ಪುಟವೆಂದರೆ ಚಿತ್ರವಲ್ಲ. ಅದು ಬರಹ. 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು ಇದರ ಯೋಜನೆ ಮುಂದಿಟ್ಟರು. 1991ರಲ್ಲಿ ಅವರು ಹೊರಗಿನವರಿಗೆ ತೆರೆದಿಟ್ಟ ಮೊದಲ ತಾಣದಲ್ಲಿ ಇದ್ದದ್ದು ಅಕ್ಷರ ಮತ್ತು ಕೊಂಡಿ ಮಾತ್ರ. ಎಚ್‌ಟಿಎಂಎಲ್ ಎಂದು ಕರೆಯುವುದು ಆ ಬರಹಕ್ಕೆ ಹಚ್ಚುವ ಗುರುತುಗಳನ್ನು. ಇದು ತಲೆಬರಹ, ಇದು ವಾಕ್ಯವೃಂದ, ಇದು ಪಟ್ಟಿ, ಇದು ಹೆಸರು ಬರೆಯುವ ಜಾಗ, ಇದು ಒತ್ತುವ ಗುಂಡಿ ಎಂದು ಒಂದೊಂದಕ್ಕೂ ಅದರ ಕುಲಗೋತ್ರ ಹೇಳಿಡುವುದು. ಬಣ್ಣ, ಅಳತೆ, ಅಂಚು ಇವೆಲ್ಲ ಬೇರೆ. ಅವುಗಳಿಗಾಗಿಯೇ 1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್ ಎಂಬ ಪ್ರತ್ಯೇಕ ಕ್ರಮ ಜಾರಿಗೆ ಬಂತು. 2003ರಲ್ಲಿ ಕೆನಡಾದ ಡೇವ್ ಶೇ ಎಂಬವರು ‘ಸಿಎಸ್‌ಎಸ್ ಝೆನ್ ಗಾರ್ಡನ್’ ಎಂಬ ತಾಣ ಮಾಡಿ, ಒಂದೇ ಬರಹಕ್ಕೆ ಬೇರೆ ಬೇರೆಯವರು ಬೇರೆ ಬೇರೆ ಉಡುಗೆ ತೊಡಿಸಬಹುದೆಂದು ತೋರಿಸಿದರು. ಒಳಗಿನ ಬರಹದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಹೊರಗಿನ ನೋಟ ಮಾತ್ರ ಪ್ರತಿಯೊಂದರಲ್ಲೂ ಹೊಸದು. ಸೀರೆ ಬದಲಾಯಿಸಿದರೆ ಹೆಂಗಸು ಬದಲಾಗುವಳೆ?

ಈಗ ಈ ಹೊಸ ಯಂತ್ರಗಳು ಮಾಡುವುದೇನು? ಉಟ್ಟ ಸೀರೆಯ ಫೋಟೋ ನೋಡಿ ಒಳಗಿನ ಮನುಷ್ಯಳನ್ನು ಊಹಿಸುವುದು. ಕೆಲವು, ಚಿತ್ರದ ಕಡತವನ್ನೇ ಬಿಚ್ಚಿ, ಯಾವ ಚೌಕ ಎಷ್ಟು ಉದ್ದ, ಎಷ್ಟು ಅಗಲ, ಎಡಗಡೆಯಿಂದ ಎಷ್ಟು ದೂರ ಎಂದು ಅಳೆದು ಅದನ್ನೇ ಕೋಡ್ ಆಗಿ ಬರೆಯುತ್ತವೆ. ಇನ್ನು ಕೆಲವು, ಕೃತಕ ಬುದ್ಧಿಮತ್ತೆಯವು, ಚಿತ್ರವನ್ನು ನೋಡಿ, ತಾವು ಹಿಂದೆ ಕಂಡ ಅಸಂಖ್ಯ ಪುಟಗಳ ನೆನಪಿನಿಂದ ‘ಹೀಗಿರಬಹುದು’ ಎಂದು ಬರೆಯುತ್ತವೆ. ಎರಡಕ್ಕೂ ದಾರಿ ಕಣ್ಣೊಂದೇ. ಚಿತ್ರದಲ್ಲಿ ಕಾಣದ್ದು ಅವುಗಳ ಪಾಲಿಗೆ ಇಲ್ಲ. ಕಂಡದ್ದನ್ನು ಮಾತ್ರ ಗೆರೆ ತಪ್ಪದೆ ಇಳಿಸುತ್ತವೆ, ತೆಳುಕಾಗದದ ಹುಡುಗನ ಹಾಗೆ.

ಇದೇನೂ ಹೊಸ ಜಂಬವಲ್ಲ ಎಂಬುದು ಕೆದಕಿ ನೋಡಿದಾಗ ತಿಳಿಯಿತು. ‘ಕೋಡ್ ಗೊತ್ತಿಲ್ಲದಿದ್ದರೂ ಪುಟ ಮಾಡಿ’ ಎಂದು 90ರ ದಶಕದಲ್ಲಿ ಫ್ರಂಟ್‌ಪೇಜ್ ಬಂತು. ಅದನ್ನು ಮೊದಲು ಮಾಡಿದ ಕಂಪನಿಗೆ ಡಚ್ ಚಿತ್ರಕಾರ ವರ್ಮೀರನ ಹೆಸರು. 1996ರ ಜನವರಿಯಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಮುಂದೆ 1997ರಲ್ಲಿ ಡ್ರೀಮ್‌ವೀವರ್ ಬಂತು. ಅದೇ ಕಾಲದಲ್ಲಿ ಫೋಟೋಶಾಪಿನಲ್ಲಿ ಪುಟದ ಚಿತ್ರ ಬರೆದು, ಹಲ್ವಾ ಕತ್ತರಿಸಿದ ಹಾಗೆ ತುಂಡು ಮಾಡಿ, ಕೋಷ್ಟಕದ ಮನೆಗಳಲ್ಲಿ ಜೋಡಿಸುವ ಪದ್ಧತಿಯೂ ಇತ್ತು. ಅಕ್ಷರಗಳೂ ಚಿತ್ರದ ತುಂಡುಗಳಾಗಿ ಹೋಗುತ್ತಿದ್ದವು. ನಮ್ಮ ಕನ್ನಡದ ಪುಟಗಳೂ ಬಹಳ ಕಾಲ ಅಕ್ಷರವನ್ನು ಚಿತ್ರ ಮಾಡಿಯೋ, ಇಂಥದೇ ಫಾಂಟ್ ಇದ್ದವರಿಗೆ ಮಾತ್ರ ಕಾಣುವ ಹಾಗೋ ಇರುತ್ತಿದ್ದವು. ಯೂನಿಕೋಡ್ ಬಳಕೆಗೆ ಬಂದ ಮೇಲೆ ತಾನೆ ನಮ್ಮ ಅಕ್ಷರ ಕಂಪ್ಯೂಟರಿಗೂ ಅಕ್ಷರವಾಗಿದ್ದು, ಓದುಗ ತಂತ್ರಾಂಶದ ಬಾಯಿಗೂ ಬಂದಿದ್ದು.

2017ರಲ್ಲಿ ಟೋನಿ ಬೆಲ್ಟ್ರಾಮೆಲ್ಲಿ ಎಂಬ ಸಂಶೋಧಕರು ‘ಪಿಕ್ಸ್‌ಟುಕೋಡ್’ ಎಂಬ ಪ್ರಬಂಧ ಹೊರತಂದರು. ತೆರೆಯ ಚಿತ್ರ ಕೊಟ್ಟರೆ ಯಂತ್ರ ಕೋಡ್ ಬರೆಯುತ್ತದೆ, ಶೇಕಡಾ 77ಕ್ಕಿಂತ ಹೆಚ್ಚು ಸರಿಯಾಗಿ ಬರೆಯುತ್ತದೆ ಎಂದು ಅದರಲ್ಲಿತ್ತು. 2023ರ ಮಾರ್ಚ್ 14ರಂದು ಜಿಪಿಟಿ-4 ಬಿಡುಗಡೆಯಾದಾಗ ಗ್ರೆಗ್ ಬ್ರಾಕ್‌ಮನ್ ನೋಟುಬುಕ್ಕಿನ ಹಾಳೆಯ ಮೇಲೆ ಪೆನ್ನಿನಿಂದ ಗೀಚಿದ ಚಿತ್ರದ ಫೋಟೋ ತೆಗೆದು ಕೊಟ್ಟರು. ನಗೆಹನಿಗಳ ಒಂದು ಪುಟ ಕಣ್ಣೆದುರೇ ಸಿದ್ಧವಾಯಿತು. ಲೋಕವೆಲ್ಲ ಬೆರಗಾಯಿತು, ನಮ್ಮ ಸಿಬ್ಬಂದಿ ಕೊಠಡಿಯ ಹಾಗೆಯೇ. ಅಲ್ಲಿಂದೀಚೆಗೆ ಇಂಥ ಯಂತ್ರಗಳು ಒಂದರ ಹಿಂದೊಂದು ಬರುತ್ತಿವೆ. ಎಲ್ಲವುಗಳ ಹೆಗ್ಗಳಿಕೆ ಒಂದೇ: ‘ಚಿತ್ರದಲ್ಲಿ ಹೇಗಿದೆಯೋ ಪುಟದಲ್ಲಿ ಹಾಗೇ.’ ನನ್ನ ತಕರಾರು ಇರುವುದು ಈ ಹೆಗ್ಗಳಿಕೆಯ ಮೇಲೆಯೇ. ಚಿತ್ರದ ಹಾಗೇ ಇರುವುದು ಪುಟದ ಗುಣ ಅಲ್ಲ.

ನಮ್ಮ ಅನುಭವದಿಂದಲೇ ಹೇಳುತ್ತೇನೆ. ಪತ್ರಿಕೆಯಲ್ಲಿ ಬಂದ ಚಿತ್ರ ಕತ್ತರಿಸಿಕೊಂಡು ಹೋಗಿ ಟೈಲರಿಗೆ, “ಹೀಗೇ ಬ್ಲೌಸ್ ಹೊಲಿದುಕೊಡಿ” ಎಂದು ಹೇಳದ ಹೆಂಗಸು ಯಾರಿದ್ದಾಳೆ? ಒಳ್ಳೆಯ ಟೈಲರಮ್ಮ ಚಿತ್ರ ನೋಡಿ ಪಕ್ಕಕ್ಕಿಡುತ್ತಾಳೆ. ಟೇಪು ತೆಗೆದು ಅಳತೆ ತೆಗೆದುಕೊಳ್ಳುತ್ತಾಳೆ. “ಕೈ ಮೇಲೆತ್ತಿ. ಮಗುವಿಗೆ ಹಾಲು ಕುಡಿಸ್ತೀರಾ? ಹುಕ್ಕು ಮುಂದೆ ಬೇಕಾ, ಹಿಂದೆ ಬೇಕಾ? ಒಳಗೆ ಬಟ್ಟೆ ಬಿಡ್ಲಾ, ಮುಂದಕ್ಕೆ ಬಿಚ್ಚಿಸಿಕೊಳ್ಳೋಕೆ?” ಎಂದು ಕೇಳುತ್ತಾಳೆ. ಚಿತ್ರವನ್ನಷ್ಟೇ ನೋಡಿ ಹೊಲಿದವಳ ಬ್ಲೌಸು ಗೂಟಕ್ಕೆ ನೇತುಹಾಕಿದರೆ ಬಲು ಚೆಂದ. ಹಾಕಿಕೊಂಡು ನಾಗಂದಿಗೆಯ ಮೇಲಿನ ಡಬ್ಬಿಗೆ ಕೈ ಚಾಚಿದಿರೋ, ಕಂಕುಳಲ್ಲಿ ಪರ್ರೆಂದಿತು! ಟೈಲರಮ್ಮನ ಕಸುಬು ಹೊಲಿಗೆಯಲ್ಲಿ ಅರ್ಧ, ಆ ಪ್ರಶ್ನೆಗಳಲ್ಲಿ ಅರ್ಧ.

ಚಿತ್ರದಿಂದ ಪುಟ ಮಾಡುವ ಕೆಲಸವನ್ನು ಮೊನ್ನೆ ಮೊನ್ನೆಯವರೆಗೂ ಮನುಷ್ಯರೇ ಮಾಡುತ್ತಿದ್ದರು. ನನ್ನ ಎಷ್ಟೋ ವಿದ್ಯಾರ್ಥಿನಿಯರು ಬಿಸಿಎ ಮುಗಿಸಿ, ಬೆಂಗಳೂರಿನ ಪಿಜಿಗಳಲ್ಲಿ ಇದ್ದುಕೊಂಡು, ಮೊದಲ ಸಂಬಳ ಎಣಿಸಿದ್ದು ಇದೇ ಕೆಲಸದಲ್ಲಿ. ಅದು ಬೇಸರದ ಕೆಲಸ, ನಿಜ. ಅದು ಹೋಯಿತೆಂದು ಅಳಲು ನಾನು ಇದನ್ನು ಬರೆಯುತ್ತಿಲ್ಲ. ಒರಳು ಹೋಗಿ ಗ್ರೈಂಡರ್ ಬಂದಾಗ ನಾವು ಯಾರೂ ಅಳಲಿಲ್ಲ. ಆದರೆ ಆ ಕೆಲಸದ ನಡುವೆ ಒಬ್ಬ ಹುಡುಗಿ ಕುಳಿತಿರುತ್ತಿದ್ದಳು. ಜಾಣೆಯಾಗಿದ್ದರೆ ಅವಳು ಚಿತ್ರಕಾರನನ್ನು ಕೇಳುತ್ತಿದ್ದಳು: ‘ಈ ಗುಂಡಿಯ ಹೆಸರೇನು? ತಪ್ಪು ತುಂಬಿದರೆ ಏನು ಹೇಳಬೇಕು? ಹೆಸರು ಉದ್ದವಿದ್ದರೆ ಈ ಜಾಗ ಸಾಕೆ? ಈ ಚಿತ್ರ ಕಾಣದವರಿಗೆ ಏನೆಂದು ಓದಬೇಕು?’ ಚಿತ್ರಕ್ಕೂ ಪುಟಕ್ಕೂ ನಡುವೆ ಇದ್ದದ್ದು ಬರೀ ಬೆರಳಚ್ಚಲ್ಲ, ಆ ಪ್ರಶ್ನೆಗಳು. ಯಂತ್ರ ಬೆರಳಚ್ಚನ್ನು ಉಳಿಸಿತು ಎಂದು ಕುಣಿಯುವವರಿಗೆ, ಅದರ ಜತೆಗೆ ಪ್ರಶ್ನೆಯೂ ಹೊರಟುಹೋಯಿತೆಂಬುದು ಕಾಣಿಸುತ್ತಿಲ್ಲ.

ನೀವು ಹೇಳಬಹುದು, ‘ಮನುಷ್ಯರು ಮಾಡಿದ್ದು ಅಷ್ಟು ಚೆನ್ನಾಗಿತ್ತೇನು?’ ಎಂದು. ಇರಲಿಲ್ಲ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವೆಬ್‌ಏಮ್ ಎಂಬ ಸಂಸ್ಥೆ 2019ರಿಂದ ಪ್ರತಿ ವರ್ಷ 10 ಲಕ್ಷ ತಾಣಗಳ ಮುಖಪುಟವನ್ನು ಪರೀಕ್ಷಿಸುತ್ತಿದೆ. 2025ರ ವರದಿಯಲ್ಲಿ ಶೇಕಡಾ 94.8ರಷ್ಟು ಪುಟಗಳಲ್ಲಿ ದೋಷ ಕಂಡಿತು. ಮತ್ತೆ ಮತ್ತೆ ಸಿಗುವ ದೋಷಗಳು ಆರೇ ಆರು: ಮಸುಕಾದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಅರ್ಜಿಯ ಮನೆ, ಖಾಲಿ ಕೊಂಡಿ, ಖಾಲಿ ಗುಂಡಿ, ಯಾವ ಭಾಷೆಯ ಪುಟವೆಂದು ಹೇಳದಿರುವುದು. ಮಸುಕನ್ನು ಬಿಟ್ಟರೆ ಉಳಿದ ಐದೂ ಚಿತ್ರದಲ್ಲಿ ಕಾಣದ ದೋಷಗಳು. ಇವು ಯಂತ್ರ ಬರುವ ಮೊದಲೇ ಇದ್ದವು, ಒಪ್ಪುತ್ತೇನೆ. ಆದರೆ ಇಂಥ ಪುಟಗಳನ್ನೇ ನೋಡಿ ಯಂತ್ರ ಕಲಿಯಿತಲ್ಲ! ಮಗ್ಗಿ ತಪ್ಪು ಹೇಳುವ ನೂರು ಮಕ್ಕಳ ನಡುವೆ ಕೂರಿಸಿದ ಮಗು ಯಾವ ಮಗ್ಗಿ ಕಲಿತೀತು? ವ್ಯತ್ಯಾಸವಿಷ್ಟೆ. ಮೊದಲು ತಪ್ಪು ಮಾಡಲು ಒಂದು ವಾರ ಹಿಡಿಯುತ್ತಿತ್ತು, ಈಗ ಕಾಫಿ ಆರುವಷ್ಟು ಹೊತ್ತು.

ಭಾಷೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಪ್ರತಿ ಪುಟದ ಮೊದಲ ಸಾಲಿನಲ್ಲಿ ಇದು ಇಂಥ ಭಾಷೆಯ ಪುಟ ಎಂದು ಬರೆಯುವ ಪದ್ಧತಿಯಿದೆ. ನಮ್ಮ ಶಾಲೆಯ ಪುಟ ಪೂರ್ತಿ ಕನ್ನಡದಲ್ಲಿತ್ತು. ಆದರೆ ಮೊದಲ ಸಾಲಿನಲ್ಲಿ ಯಂತ್ರ ತನ್ನ ಅಭ್ಯಾಸದಂತೆ ‘ಇಂಗ್ಲಿಷ್’ ಎಂದು ಬರೆದಿತ್ತು. ಕಣ್ಣಿರುವವರಿಗೆ ಅದರಿಂದ ಏನೂ ನಷ್ಟವಿಲ್ಲ. ಓದುಗ ತಂತ್ರಾಂಶ ಮಾತ್ರ ಅದನ್ನು ನಂಬಿ, ಇಂಗ್ಲಿಷ್ ದನಿ ತೆಗೆದು, ಕನ್ನಡದ ಮುಂದೆ ತೊದಲಿತು.

ಇನ್ನು ಒತ್ತಕ್ಷರದ ಪಾಡು. ಚಿತ್ರ ಬಿಡಿಸುವವರು ಮೊದಲು ಇಂಗ್ಲಿಷಿನಲ್ಲೇ ಬಿಡಿಸುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಎಷ್ಟು ಎತ್ತರ ಬೇಕೋ ಅಷ್ಟೇ ಎತ್ತರದ ಡಬ್ಬಿ. ಯಂತ್ರ ಅದೇ ಅಳತೆಯನ್ನು ಕಲ್ಲಿನಲ್ಲಿ ಕೊರೆದ ಹಾಗೆ ಕೂರಿಸುತ್ತದೆ. ಆಮೇಲೆ ಅದರಲ್ಲಿ ಕನ್ನಡ ತುಂಬಿದರೆ ಒತ್ತು ಡಬ್ಬಿಯ ತಳಕ್ಕೆ ಸಿಕ್ಕಿ ಕತ್ತರಿಸಿಹೋಗುತ್ತದೆ. ನಮ್ಮ ಪುಟದಲ್ಲಿ ಫೋನಿನಲ್ಲಿ ನೋಡಿದವರಿಗೆ ‘ಅಪ್ಪನ ಹೆಸರು’ ಎಂಬುದು ‘ಅಪನ ಹೆಸರು’ ಆಗಿತ್ತು. ಮಕ್ಕಳು ಹಾಗೆ ಬರೆದರೆ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇನೆ. ನಮ್ಮ ಹೆಸರುಗಳೋ ಉದ್ದ. ಊರಿನ ಹೆಸರು, ತಂದೆಯ ಹೆಸರು ಸೇರಿದರೆ ಒಂದು ಸಾಲು ಸಾಲದು. ಚಿತ್ರದಲ್ಲಿದ್ದ ಮಾದರಿ ಹೆಸರು ನಾಲ್ಕಕ್ಷರದ್ದು, ಮನೆಯೂ ನಾಲ್ಕಕ್ಷರದ್ದೇ. ಕಣ್ಣು ಮಂದವಾಗಿ ಅಕ್ಷರ ದೊಡ್ಡದು ಮಾಡಿಕೊಂಡ ನನ್ನಂಥವರಿಗೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿ ಕುಳಿತಿತ್ತು. ಇದು ಅಂಧರೊಬ್ಬರ ಕಷ್ಟವಲ್ಲ, ನೋಡಿ. ಕನ್ನಡದ ಕಷ್ಟ, ವಯಸ್ಸಾದವರ ಕಷ್ಟ, ಚಿತ್ರ ಬಿಡಿಸಿದವನ ಕಣ್ಣೆದುರು ಇಲ್ಲದಿದ್ದ ಎಲ್ಲರ ಕಷ್ಟ.

ತಂಗಿಯ ಮಗ ಬುದ್ಧಿವಂತ. ಸುಮ್ಮನೆ ಸೋಲುವವನಲ್ಲ. “ದೊಡ್ಡಮ್ಮ, ಇದನ್ನೆಲ್ಲ ಸರಿ ಮಾಡು ಅಂತ ಹೇಳಿದ್ರೆ ಯಂತ್ರಾನೇ ಸರಿ ಮಾಡುತ್ತೆ. ಅದಕ್ಕೆ ಬರಲ್ಲ ಅಂತಲ್ಲ” ಎಂದ. ಈ ಮಾತಿನಲ್ಲಿ ಸತ್ಯವಿದೆ, ಅಲ್ಲಗಳೆಯುವುದಿಲ್ಲ. ಇವತ್ತಿನ ಯಂತ್ರಗಳಿಗೆ ಗುಂಡಿಯನ್ನು ಗುಂಡಿಯೆಂದು ಬರೆಯಲು, ಮನೆಗೆ ಹೆಸರು ಕೂಡಿಸಲು ಬರುತ್ತದೆ. ನಾನು ಅವನನ್ನು ಒಂದೇ ಮಾತು ಕೇಳಿದೆ: “ನೀನು ಹೇಳಿದೆಯಾ?” ಸುಮ್ಮನಾದ. “ಯಾಕೆ ಹೇಳಲಿಲ್ಲ?” “ಚಿತ್ರದಲ್ಲಿ ಇರಲಿಲ್ಲ.” ಅಷ್ಟೇ ವಿಷಯ. ಚಿತ್ರವೇ ಪುಟ ಎಂದು ನಂಬಿದವನಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ. ಹುಟ್ಟದ ಪ್ರಶ್ನೆಗೆ ಯಂತ್ರ ಎಲ್ಲಿಂದ ಉತ್ತರ ಕೊಟ್ಟೀತು?

“ಎಷ್ಟು ಜನ ಇರ್ತಾರೆ ಅಂಥವರು?” ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. 2011ರ ಜನಗಣತಿಯ ಪ್ರಕಾರ ದೃಷ್ಟಿದೋಷವುಳ್ಳವರು ನಮ್ಮ ದೇಶದಲ್ಲಿ ಸುಮಾರು 50 ಲಕ್ಷ. ಆದರೆ ಆ ಪ್ರಶ್ನೆಗೆ ಸಂಖ್ಯೆಯಿಂದ ಉತ್ತರ ಕೊಡುವುದೇ ತಪ್ಪು. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬಳಿಗೆ ಕಾಣುವುದಿಲ್ಲವೆಂದರೆ, ಮೂವತ್ತೊಂಬತ್ತು ಮಂದಿಗೆ ಪಾಠವಾಯಿತಲ್ಲ ಎಂದು ಸಂಬಳ ತೆಗೆದುಕೊಳ್ಳಲು ನನಗೆ ಅಧಿಕಾರವಿಲ್ಲ. ಕಾನೂನೂ ಹಾಗೆ ಹೇಳುವುದಿಲ್ಲ. ವಿದ್ಯುನ್ಮಾನ ಮಾಧ್ಯಮದಲ್ಲಿರುವುದು ಅಂಗವಿಕಲರ ಕೈಗೂ ಎಟುಕಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದಿತು. ಕೋರ್ಟಿನ ಮೆಟ್ಟಿಲೇರಿದವರು ಆಸಿಡ್ ದಾಳಿಗೆ ಸಿಕ್ಕವರು ಮತ್ತು ದೃಷ್ಟಿಹೀನರೊಬ್ಬರು. ಗುರುತು ದೃಢಪಡಿಸಲು ‘ಕಣ್ಣು ಮಿಟುಕಿಸಿ’ ಎಂದು ತೆರೆ ಕೇಳುತ್ತದೆ, ಮಿಟುಕಿಸಲು ರೆಪ್ಪೆಯೇ ಉಳಿಯದವರು ಏನು ಮಾಡಬೇಕು ಎಂಬುದು ಅವರ ಅಳಲು. ಆ ತೆರೆಯ ಚಿತ್ರ ಬಿಡಿಸಿದಾಗಲೂ ಅದು ಚೆಂದವಾಗಿಯೇ ಇದ್ದಿರಬೇಕು. ಅಲ್ಲೂ ಯಾರೂ ಕೇಳಿರಲಿಲ್ಲ.

ಕೊನೆಗೆ ಏನಾಯಿತೆಂದು ಹೇಳದಿದ್ದರೆ ಮೋಸವಾಗುತ್ತದೆ. ಹುಡುಗ ಒಳ್ಳೆಯವನು. ಅವಳ ಫೋನ್ ನಂಬರ್ ತೆಗೆದುಕೊಂಡು ಎರಡು ಸಂಜೆ ಕುಳಿತ. ಅವಳು ಅಲ್ಲಿಂದ ಓದಿಸಿ ಹೇಳುತ್ತಾ ಹೋದಳು, ಇವನು ಇಲ್ಲಿ ತಿದ್ದುತ್ತಾ ಹೋದ. ಯಂತ್ರದ ಕೈಯಲ್ಲೇ ಬಹಳಷ್ಟು ತಿದ್ದಿಸಿದ. ಕೆಲವನ್ನು ಅದು ತಿದ್ದಿದಂತೆ ಮಾಡಿ ಹಾಗೇ ಬಿಟ್ಟಿತು, ಅವನ್ನು ಕೈಯಾರೆ ಬರೆದ. ಮೂರನೆಯ ದಿನ ಅವಳು ತನ್ನ ಹೆಸರನ್ನು ತಾನೇ ಬರೆದು, ತಾನೇ ಗುಂಡಿ ಒತ್ತಿದಳು. ಶಾಲೆಯ ಕಟ್ಟಡದ ಚಿತ್ರಕ್ಕೆ ಓದುಗ ತಂತ್ರಾಂಶ ಏನು ಹೇಳಬೇಕೆಂದು ಇವನು ನನ್ನನ್ನು ಕೇಳಿದ. “ಹೆಂಚಿನ ಮಾಡು, ಮುಂದೆ ಎರಡು ಹೊಂಗೆ ಮರ, ಬಲಕ್ಕೆ ಬಾವಿ” ಎಂದು ಬರೆಸಿದೆ. ಐದು ವರ್ಷ ಅದೇ ಮರದ ನೆರಳಲ್ಲಿ ಕೂತು ಊಟ ಮಾಡಿದವಳು, “ಬಾವಿ ಇನ್ನೂ ಇದೆಯಾ ಮಿಸ್?” ಎಂದು ಕೇಳಿದಳು. ಎರಡೇ ಎರಡು ಸಂಜೆಯ ಕೆಲಸ. ಅಷ್ಟಕ್ಕೂ ಬಿಡುವಿಲ್ಲದಷ್ಟು ಅವಸರ ನಮಗೆ ಯಾರು ಕಲಿಸಿದರು?

ಆದ್ದರಿಂದ ನನ್ನ ಕೋಪ ಯಂತ್ರದ ಮೇಲಲ್ಲ. ‘ಚಿತ್ರ ಕೊಡಿ, ಪುಟ ಒಯ್ಯಿರಿ’ ಎಂದು ಮಾರುವವರ ಮೇಲೆ, ಮತ್ತು ನೋಡಿದ ಕೂಡಲೇ ಚಪ್ಪಾಳೆ ತಟ್ಟುವ ನಮ್ಮ ಮೇಲೆ. ಇವತ್ತು ಮಹಿಳಾ ಮಂಡಳಿಗೆ, ಸ್ವಸಹಾಯ ಸಂಘಕ್ಕೆ, ಸೊಸೈಟಿಗೆ, ಆಸ್ಪತ್ರೆಗೆ, ಮಕ್ಕಳ ಶಾಲೆಗೆ ಎಲ್ಲಕ್ಕೂ ಒಂದು ಪುಟ ಆಗುತ್ತಿದೆ. ಒಪ್ಪುವ ಸಭೆಯಲ್ಲಿ ನೀವೂ ಕೂತಿರುತ್ತೀರಿ. ಆಗ ಕೋಡ್ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಇಲಿ ಎನ್ನುತ್ತಾರಲ್ಲ, ಆ ಮೌಸನ್ನು ಪಕ್ಕಕ್ಕಿಟ್ಟು ಬರೀ ಟ್ಯಾಬ್ ಒತ್ತಿ ಅರ್ಜಿ ತುಂಬಿ ತೋರಿಸಿ ಎನ್ನಿ. ಅಕ್ಷರವನ್ನು ಎರಡರಷ್ಟು ದೊಡ್ಡದು ಮಾಡಿಸಿ. ನಿಮ್ಮ ಊರಿನ ಅತಿ ಉದ್ದದ ಹೆಸರನ್ನು, ಒತ್ತಕ್ಷರ ಸಮೇತ, ಬರೆಯಿಸಿ. ಆಮೇಲೆ ಪುಟವನ್ನು ಗಟ್ಟಿಯಾಗಿ ಓದಿಸಿ, ನೀವು ಕಣ್ಣು ಮುಚ್ಚಿಕೊಂಡು ಕೇಳಿ. ಯಾವುದು ಎಲ್ಲಿದೆ ಎಂದು ಕಣ್ಣು ಮುಚ್ಚಿಯೂ ನಿಮಗೆ ತಿಳಿದರೆ ಒಪ್ಪಿ, ಹಣ ಕೊಡಿ.

ತಿಳಿಯದಿದ್ದರೆ ಎದ್ದು ನಿಂತು, “ಇಲ್ಲಿ ಅಂದ್ರೆ ಎಲ್ಲಿ?” ಎಂದು ಕೇಳಿ. ಸಭೆ ನಗಬಹುದು. ಎಂಟನೆಯ ತರಗತಿಯ ಹುಡುಗಿ ಮೂವತ್ತೊಂಬತ್ತು ಮಂದಿಯ ನಗೆಗೆ ಹೆದರಿ ಕೂರಲಿಲ್ಲ. ನಾನು ಉತ್ತರ ಕೊಡುವ ತನಕ ನಿಂತೇ ಇದ್ದಳು.